ನೂರರಲ್ಲಿ ಇಬ್ಬರು ಬಿಟ್ಟುಹೋದರೆ ಏನಾಯ್ತು?

ಓದುಗರ ಪ್ರಶ್ನೆ: ಜನಗಣತಿಗೆ ಇಷ್ಟೊಂದು ಖರ್ಚು, ಇಷ್ಟೊಂದು ಸಿಬ್ಬಂದಿ, ಇಷ್ಟೊಂದು ಓಡಾಟ ಯಾಕೆ ಬೇಕು? ನೂರಕ್ಕೆ 97-98 ಜನ ಲೆಕ್ಕಕ್ಕೆ ಸಿಕ್ಕರೆ ಸಾಕಲ್ವಾ? ಕೆಲವು ಸಾವಿರ ಮನೆಗಳ ಸ್ಯಾಂಪಲ್ ಸರ್ವೆ ಮಾಡಿ ಉಳಿದದ್ದನ್ನು ಅಂದಾಜು ಮಾಡಬಹುದಲ್ಲ? ಇನ್ನೊಂದು ಸಣ್ಣ ಅನುಮಾನ. ನಮ್ಮ ಮನೆಯಲ್ಲೇ ಉಳಿದುಕೊಂಡು ಕೆಲಸ ಮಾಡುವ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳನ್ನು ನಮ್ಮ ಮನೆಯ ಲೆಕ್ಕದಲ್ಲಿ ಬರೆಸಬೇಕಾ, ಅವಳ ಊರಿನ ಮನೆಯ ಲೆಕ್ಕದಲ್ಲಾ?

ಉತ್ತರ: ಕೊನೆಯ ಪ್ರಶ್ನೆಯನ್ನು ನೀವು ಸಣ್ಣ ಅನುಮಾನ ಅಂದಿದ್ದೀರಿ. ನನಗೆ ಅದೇ ದೊಡ್ಡದಾಗಿ ಕಂಡಿತು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಆ 98ರ ವಿಚಾರ.

ಪರೀಕ್ಷೆಯಲ್ಲಿ 98 ಅಂದರೆ ಬಹಳ ಒಳ್ಳೆಯ ಅಂಕ. ಗಣತಿಯಲ್ಲಿ ಮಾತ್ರ 98 ಅಂತ ಕೇಳಿದ ಕೂಡಲೇ ಉಳಿದ ಇಬ್ಬರು ಯಾರು ಅಂತ ಕೇಳಬೇಕು. ಆ ಇಬ್ಬರು ಚೀಟಿ ಎತ್ತಿ ಬಿಟ್ಟವರಾಗಿದ್ದರೆ ಚಿಂತೆ ಇರಲಿಲ್ಲ. ಪ್ರತಿ ಊರಿನಲ್ಲೂ ನೂರಕ್ಕೆ ಇಬ್ಬರು, ಪ್ರತಿ ವಯಸ್ಸಿನಲ್ಲೂ ನೂರಕ್ಕೆ ಇಬ್ಬರು ಬಿಟ್ಟುಹೋದರೆ ಎಲ್ಲರ ಪಾಲೂ ಒಂದೇ ಸಮ ಕಡಿಮೆಯಾಗುತ್ತದೆ. ಹಂಚಿಕೆ ಮಾಡುವಾಗ ಯಾರಿಗೂ ಅನ್ಯಾಯ ಆಗುವುದಿಲ್ಲ. ಆದರೆ ಹಾಗೆ ಆಗುವುದೇ ಇಲ್ಲ. ಯಾವ ದೇಶದ ಗಣತಿ ನೋಡಿದರೂ ಬಿಟ್ಟುಹೋಗುವವರು ಹೆಚ್ಚಾಗಿ ಒಂದೇ ಬಗೆಯ ಜನ. ಹಸುಗೂಸುಗಳು, ಬಾಡಿಗೆ ಕೋಣೆಯಲ್ಲಿರುವ ಯುವಕರು, ಕೆಲಸ ಹುಡುಕಿಕೊಂಡು ಬಂದವರು, ಮನೆಯೇ ಇಲ್ಲದವರು, ಒಂದೇ ಸೂರಿನಡಿ ಎರಡು ಮೂರು ಸಂಸಾರ ನಡೆಸುವವರು. ಹೋದ ಸಲ ಬಿಟ್ಟುಹೋದವರೇ ಈ ಸಲವೂ ಬಿಟ್ಟುಹೋಗುತ್ತಾರೆ.

ಅಮೆರಿಕದ 2020ರ ಗಣತಿಯನ್ನು ನೋಡಿ. ಒಟ್ಟು ಸಂಖ್ಯೆ 33 ಕೋಟಿ 14 ಲಕ್ಷ. ಆಮೇಲೆ ಬೇರೆ ತಂಡ ಹೋಗಿ ಪರಿಶೀಲನೆ ಮಾಡಿದಾಗ ಒಟ್ಟು ಲೆಕ್ಕದಲ್ಲಿ ಹೇಳಿಕೊಳ್ಳುವಂಥ ತಪ್ಪೇನೂ ಕಾಣಲಿಲ್ಲ. ಅಲ್ಲಿಗೇ ನಿಂತಿದ್ದರೆ ಎಲ್ಲ ಸರಿಯಾಗಿದೆ ಅಂತಲೇ ಅನ್ನಬೇಕಿತ್ತು. ಒಳಗೆ ಬಗೆದು ನೋಡಿದಾಗ ಬೇರೆಯೇ ಚಿತ್ರ. ಕಪ್ಪು ಜನರಲ್ಲಿ ಶೇ 3.3ರಷ್ಟು, ಹಿಸ್ಪಾನಿಕ್ ಜನರಲ್ಲಿ ಶೇ 5ರಷ್ಟು, ಮೀಸಲು ಪ್ರದೇಶಗಳಲ್ಲಿರುವ ಮೂಲನಿವಾಸಿಗಳಲ್ಲಿ ಶೇ 5.6ರಷ್ಟು ಕಡಿಮೆ ಎಣಿಕೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ 2.8 ಕಡಿಮೆ. ಇತ್ತ ಬಿಳಿಯರ ಲೆಕ್ಕ ಶೇ 1.6ರಷ್ಟು, ಏಷ್ಯಾ ಮೂಲದವರ ಲೆಕ್ಕ ಶೇ 2.6ರಷ್ಟು ಜಾಸ್ತಿ. ಅಂದರೆ ಒಂದು ಕಡೆ ಎರಡೆರಡು ಬಾರಿ ಬರೆಸಿಕೊಂಡವರು, ಇನ್ನೊಂದು ಕಡೆ ಒಂದು ಬಾರಿಯೂ ಸಿಗದವರು. ಕೂಡಿಸಿ ಕಳೆದಾಗ ಒಟ್ಟು ಸರಿಹೋಯಿತು. ಆದರೆ ಬಿಟ್ಟುಹೋದವರ ಜಾಗಕ್ಕೆ ಬೇರೆಯವರ ತಲೆ ಎಣಿಸಿದರೆ ಅವರಿಗೇನು ಸಿಕ್ಕಿತು?

ಭಾರತದ 2011ರ ಗಣತಿಯಲ್ಲಿ ಸಿಕ್ಕಿದ್ದು 121 ಕೋಟಿ. ನಂತರದ ಪರಿಶೀಲನೆಯಲ್ಲಿ ಸಾವಿರಕ್ಕೆ ಸುಮಾರು 23 ಜನ ಬಿಟ್ಟುಹೋಗಿದ್ದಾರೆ ಅಂತ ಗೊತ್ತಾಯಿತು. ಇಷ್ಟು ದೊಡ್ಡ ದೇಶದಲ್ಲಿ ಇದು ಕೆಟ್ಟ ಕೆಲಸವಲ್ಲ. ಮನೆ ಮನೆ ಸುತ್ತಿದ ಸುಮಾರು 27 ಲಕ್ಷ ಸಿಬ್ಬಂದಿಯ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಸಾವಿರಕ್ಕೆ 23 ಅಂದರೆ 2.8 ಕೋಟಿ ಹತ್ತಿರ ಬರುತ್ತದೆ. ಆಗಿನ ಇಡೀ ಆಸ್ಟ್ರೇಲಿಯಾದ ಜನಸಂಖ್ಯೆಗಿಂತ ಜಾಸ್ತಿ. ಅದರಲ್ಲೂ ಹಳ್ಳಿಗಿಂತ ಪಟ್ಟಣದಲ್ಲಿ ಬಿಟ್ಟುಹೋಗುವುದು ಹೆಚ್ಚು. ಹಳ್ಳಿಯಲ್ಲಿ ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಊರಿಗೇ ಗೊತ್ತಿರುತ್ತದೆ. ಪಟ್ಟಣದಲ್ಲಿ ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲ.

ಒಬ್ಬ ಮನುಷ್ಯ ಲೆಕ್ಕದಿಂದ ಹೇಗೆ ಜಾರಿಹೋಗುತ್ತಾನೆ ಅನ್ನುವುದನ್ನು ಹತ್ತಿರದಿಂದ ನೋಡೋಣ. ಗಣತಿದಾರರು ಬಾಗಿಲು ತಟ್ಟುತ್ತಾರೆ. ಮನೆಯ ಯಜಮಾನರು ಹೊರಗೆ ಬರುತ್ತಾರೆ. "ಮನೆಯಲ್ಲಿ ಎಷ್ಟು ಜನ ಇದ್ದೀರಿ?" ಅಂತ ಕೇಳಿದರೆ ತಟ್ಟನೆ "ಐದು ಜನ" ಅನ್ನುತ್ತಾರೆ. ಹುಟ್ಟಿ ಇಪ್ಪತ್ತು ದಿನವಾದ ಮಗು ಒಳಗೆ ತೊಟ್ಟಿಲಲ್ಲಿ ಮಲಗಿರುತ್ತದೆ. ಅದಕ್ಕಿನ್ನೂ ಹೆಸರಿಟ್ಟಿರುವುದಿಲ್ಲ. ಹೆಸರಿಲ್ಲದ ಮಗುವನ್ನು ಬರೆಸುವುದು ಹೇಗೆ ಅಂತ ಅವರು ಸುಮ್ಮನಾಗುತ್ತಾರೆ. ಅವರ ಮನಸ್ಸಿನಲ್ಲಿ ಯಾವ ಮೋಸವೂ ಇಲ್ಲ. ಮಹಡಿಯ ಮೇಲಿನ ಕೋಣೆಯಲ್ಲಿ ಇಬ್ಬರು ಹುಡುಗರು ಬಾಡಿಗೆಗಿದ್ದಾರೆ. ಅವರು ಮನೆಯವರಲ್ಲವಲ್ಲ, ಅದಕ್ಕೇ ಅವರ ಸುದ್ದಿ ಬರುವುದಿಲ್ಲ. ಹುಡುಗರು ಬೆಳಗ್ಗೆ ಹೋದರೆ ರಾತ್ರಿ ಹತ್ತಕ್ಕೆ ಬರುತ್ತಾರೆ, ಗಣತಿದಾರರ ಕೈಗೆ ಸಿಗುವುದಿಲ್ಲ. ಊರಿನಲ್ಲಿರುವ ಅವರ ಅಪ್ಪ ಅಮ್ಮ "ಮಗ ಪಟ್ಟಣದಲ್ಲಿದ್ದಾನೆ" ಅಂತ ಹೇಳಿ ಅಲ್ಲೂ ಬಿಟ್ಟಿರುತ್ತಾರೆ. ಒಂದೇ ಬಾಗಿಲಿನಲ್ಲಿ ಮೂರು ಜನ ಕಾಣೆಯಾದರು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕೆಲಸ ತಪ್ಪಿಸಲಿಲ್ಲ.

ಅದಕ್ಕೇ ತರಬೇತಿಯಲ್ಲಿ ನಾನು ಒಂದು ಮಾತು ಮತ್ತೆ ಮತ್ತೆ ಹೇಳುತ್ತೇನೆ. "ಎಷ್ಟು ಜನ ಇದ್ದೀರಿ" ಅಂತ ಕೇಳಬೇಡಿ. ಒಬ್ಬೊಬ್ಬರನ್ನೇ ಕೇಳಿ. ಮಗು ಇದೆಯಾ? ಹೊಸದಾಗಿ ಹುಟ್ಟಿದ್ದು? ಅಜ್ಜಿ, ತಾತ? ಬಾಡಿಗೆಗೆ ಯಾರಾದರೂ? ಕೆಲಸಕ್ಕಿದ್ದು ಇಲ್ಲೇ ಮಲಗುವವರು? ಈ ಐದು ಪ್ರಶ್ನೆಗೆ ಎರಡು ನಿಮಿಷ ಸಾಕು. ಗಣತಿಯ ಗುಣಮಟ್ಟ ನಿಂತಿರುವುದು ಆ ಎರಡು ನಿಮಿಷದ ಮೇಲೆ.

ಇನ್ನು ಕಾಲದ ಪ್ರಶ್ನೆ. ಜನ ಹುಟ್ಟುತ್ತಲೇ ಇರುತ್ತಾರೆ, ಸಾಯುತ್ತಲೇ ಇರುತ್ತಾರೆ, ಊರು ಬಿಡುತ್ತಲೇ ಇರುತ್ತಾರೆ. ಹಾಗಾಗಿ ಎಲ್ಲ ಗಣತಿಗೂ ಒಂದು ನಿಗದಿತ ಕ್ಷಣ ಇರುತ್ತದೆ. ಭಾರತದಲ್ಲಿ 2011ರಲ್ಲಿ ಅದು ಫೆಬ್ರವರಿ 28 ಮುಗಿದು ಮಾರ್ಚ್ 1 ಹುಟ್ಟುವ ಮಧ್ಯರಾತ್ರಿ. ಫೆಬ್ರವರಿ 15ಕ್ಕೆ ನಿಮ್ಮ ಮನೆಯ ಲೆಕ್ಕ ಬರೆದುಕೊಂಡು ಹೋಗಿದ್ದಾರೆ ಅಂದುಕೊಳ್ಳಿ. 28ರ ರಾತ್ರಿ ಹನ್ನೊಂದೂವರೆಗೆ ಮಗು ಹುಟ್ಟಿದರೆ ಅದು ಲೆಕ್ಕಕ್ಕೆ ಬರಬೇಕು. ಹನ್ನೆರಡು ದಾಟಿ ಐದು ನಿಮಿಷಕ್ಕೆ ಹುಟ್ಟಿದರೆ ಬರಬಾರದು. ಅದಕ್ಕಾಗಿಯೇ ಮಾರ್ಚ್ ಮೊದಲ ಐದು ದಿನ ಗಣತಿದಾರರು ಮತ್ತೆ ಅದೇ ಮನೆಗಳಿಗೆ ಹೋಗಿ, ಈ ನಡುವೆ ಯಾರಾದರೂ ಹುಟ್ಟಿದರಾ, ತೀರಿಕೊಂಡರಾ ಅಂತ ಕೇಳಿದರು. ಮನೆಯಿಲ್ಲದವರನ್ನು ಒಂದೇ ರಾತ್ರಿ, ಫೆಬ್ರವರಿ 28ರಂದು, ರೈಲು ನಿಲ್ದಾಣ, ಸೇತುವೆಯ ಕೆಳಗೆ, ಅಂಗಡಿ ಜಗಲಿಯ ಮೇಲೆ ಮಲಗಿದ್ದ ಜಾಗದಲ್ಲೇ ಎಣಿಸಿದರು. ಬೆಳಗಾದರೆ ಅವರು ಎಲ್ಲಿರುತ್ತಾರೋ ಯಾರಿಗೆ ಗೊತ್ತು?

ಈಗ ಈ ಸಂಖ್ಯೆಗಳು ಎಲ್ಲಿಗೆ ಹೋಗುತ್ತವೆ ಅನ್ನುವುದಕ್ಕೆ ಬರೋಣ. ಮೊದಲನೆಯದು ಅಧಿಕಾರದ ಹಂಚಿಕೆ. ಅಮೆರಿಕದ ಕೆಳಮನೆಯ 435 ಸ್ಥಾನಗಳನ್ನು ಗಣತಿಯ ಮೇಲೆ ರಾಜ್ಯಗಳಿಗೆ ಹಂಚುತ್ತಾರೆ. 2020ರ ಲೆಕ್ಕದಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಸ್ಥಾನ ಕೈತಪ್ಪಿತು. ಎಷ್ಟು ಜನರ ಅಂತರದಲ್ಲಿ ಗೊತ್ತಾ? 89 ಜನ. ಎರಡು ಕೋಟಿಗೂ ಜಾಸ್ತಿ ಜನರಿರುವ ರಾಜ್ಯ ಅದು. ಉಳಿದ ರಾಜ್ಯಗಳ ಲೆಕ್ಕ ಹಾಗೆಯೇ ಇದ್ದು, ನ್ಯೂಯಾರ್ಕಿನಲ್ಲಿ ಇನ್ನು 89 ಜನ ಸಿಕ್ಕಿದ್ದರೆ ಆ ಸ್ಥಾನ ಉಳಿಯುತ್ತಿತ್ತು. ಒಂದೆರಡು ಅಪಾರ್ಟ್‌ಮೆಂಟಿನ ಜನ ಅಷ್ಟೇ. ಆಮೇಲಿನ ಪರಿಶೀಲನೆಯಲ್ಲಿ ಎಂಟು ರಾಜ್ಯಗಳ ಲೆಕ್ಕ ಜಾಸ್ತಿ, ಆರು ರಾಜ್ಯಗಳ ಲೆಕ್ಕ ಕಡಿಮೆ ಅಂತ ಗೊತ್ತಾಯಿತು. ಆದರೆ ಅಷ್ಟು ಹೊತ್ತಿಗೆ ಸ್ಥಾನಗಳು ಹಂಚಿಹೋಗಿದ್ದವು. ಇನ್ನು ಬದಲಾವಣೆ ಮುಂದಿನ ಗಣತಿಗೇ, ಹತ್ತು ವರ್ಷ ಕಾಯಬೇಕು.

ಭಾರತದಲ್ಲಿ ರಾಜ್ಯಗಳಿಗೆ ಸಿಕ್ಕ ಲೋಕಸಭಾ ಸ್ಥಾನಗಳ ಸಂಖ್ಯೆ 1971ರ ಗಣತಿಗೆ ಕಟ್ಟುಬಿದ್ದದ್ದು. 1976ರ ತಿದ್ದುಪಡಿ ಅದನ್ನು ಅಲ್ಲೇ ನಿಲ್ಲಿಸಿತು. 2001ರಲ್ಲಿ ಮತ್ತೆ ತಿದ್ದುಪಡಿ ತಂದು 2026ರ ನಂತರದ ಮೊದಲ ಗಣತಿಯವರೆಗೆ ಮುಂದುವರಿಸಿದರು. ಈ ವಿಚಾರದಲ್ಲಿ ರಾಜ್ಯಗಳ ನಡುವೆ ಎಷ್ಟು ಆತಂಕವಿದೆ ಅಂತ ನಿಮಗೂ ಗೊತ್ತು. ಯಾರ ವಾದ ಸರಿ ಅನ್ನುವುದು ಬೇರೆ ಮಾತು. ಯಾವ ಸೂತ್ರ ಹಾಕಿದರೂ ಅದರೊಳಗೆ ಹಾಕುವ ಸಂಖ್ಯೆ ನಂಬುವಂತಿರಬೇಕು. ಇಲ್ಲದಿದ್ದರೆ ಜಗಳ ಸೂತ್ರದ ಮೇಲಲ್ಲ, ಎಣಿಕೆಯ ಮೇಲೇ ಶುರುವಾಗುತ್ತದೆ.

ಎರಡನೆಯದು ದುಡ್ಡು. ಜರ್ಮನಿಯಲ್ಲಿ 1987ರಲ್ಲಿ ಪಶ್ಚಿಮ ಭಾಗದಲ್ಲಿ ಗಣತಿಯಾಗಿತ್ತು, ಪೂರ್ವ ಭಾಗದಲ್ಲಿ 1981ರಲ್ಲಿ. ಎರಡೂ ಒಂದಾದ ಮೇಲೆ, ಯಾವ ಊರಿನಲ್ಲಿ ಯಾರು ವಾಸವಿದ್ದಾರೆ ಅಂತ ಬರೆದಿಡುವ ದಾಖಲೆ ಪುಸ್ತಕಗಳ ಆಧಾರದ ಮೇಲೇ ಅಂದಾಜು ಹಾಕುತ್ತಾ ಬಂದರು. 2011ರಲ್ಲಿ ಗಣತಿ ಮಾಡಿದಾಗ ದೇಶದಲ್ಲಿ ತಾವು ಅಂದುಕೊಂಡದ್ದಕ್ಕಿಂತ 15 ಲಕ್ಷ ಜನ ಕಡಿಮೆ ಇದ್ದಾರೆ ಅಂತ ಗೊತ್ತಾಯಿತು. ಬರ್ಲಿನ್ ಒಂದರಲ್ಲೇ ಸುಮಾರು 1.8 ಲಕ್ಷ ಕಡಿಮೆ. ಊರು ಬಿಟ್ಟುಹೋದವರು ಹೆಸರು ತೆಗೆಸದೆ ಹೋಗಿದ್ದರು, ಪುಸ್ತಕದಲ್ಲಿ ಮಾತ್ರ ಉಳಿದಿದ್ದರು. ಜನಸಂಖ್ಯೆಗೆ ತಕ್ಕಂತೆ ಬರುತ್ತಿದ್ದ ಪಾಲು ಕಡಿಮೆಯಾಯಿತು. ಬರ್ಲಿನ್, ಹ್ಯಾಂಬರ್ಗ್ ಎರಡೂ ಸಂವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿದವು. 2018ರಲ್ಲಿ ನ್ಯಾಯಾಲಯ ಗಣತಿಯನ್ನೇ ಎತ್ತಿಹಿಡಿಯಿತು. ಜರ್ಮನಿಯಂಥ ಅಚ್ಚುಕಟ್ಟಿನ ದೇಶದಲ್ಲೇ ಹೀಗೆ. ದಾಖಲೆಗಳಿವೆ, ಆಧಾರ್ ಕಾರ್ಡ್ ಇದೆ, ಗಣತಿ ಯಾಕೆ ಅಂತ ಕೇಳುವವರಿಗೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ. ದಾಖಲೆಯಲ್ಲಿ ಹೆಸರು ಸೇರುವುದು ಸುಲಭ, ಅಳಿಸಿಹೋಗುವುದು ಕಷ್ಟ.

ಮೂರನೆಯದು ಹೊಟ್ಟೆಗೆ ಸಂಬಂಧಿಸಿದ್ದು. ಭಾರತದ 2013ರ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಜನರಲ್ಲಿ ಶೇ 75, ನಗರದವರಲ್ಲಿ ಶೇ 50 ಜನರವರೆಗೆ ಪಡಿತರ ಕೊಡಬಹುದು ಅನ್ನುತ್ತದೆ. 2011ರ ಗಣತಿಯ ಮೇಲೆ ಲೆಕ್ಕ ಹಾಕಿ ಸುಮಾರು 81 ಕೋಟಿ ಅಂತ ನಿಗದಿ ಮಾಡಿದರು. ಒಟ್ಟಾರೆ ಜನರಲ್ಲಿ ಶೇ 67ರಷ್ಟು. ಆಮೇಲೆ ಜನಸಂಖ್ಯೆ 140 ಕೋಟಿ ದಾಟಿತು. ಅದೇ ಅನುಪಾತ ಹಾಕಿದರೆ 93 ಕೋಟಿಗೂ ಮೀರುತ್ತದೆ. 2021ರ ಗಣತಿ ಕೊರೊನಾದಿಂದ ಮುಂದಕ್ಕೆ ಹೋಯಿತು, ಸಂಖ್ಯೆ ಮಾತ್ರ ಹಳೆಯದೇ ಉಳಿಯಿತು. ರಾಜ್ಯಕ್ಕೆ ಸಿಗುವ ಕಾರ್ಡುಗಳ ಮಿತಿ ಹಳೆಯ ಲೆಕ್ಕದಲ್ಲಿ ತುಂಬಿಹೋದರೆ ಹೊಸದಾಗಿ ಮದುವೆಯಾದವರು, ಹೊಸದಾಗಿ ಹುಟ್ಟಿದವರು ಕಾಯಬೇಕಾಗುತ್ತದೆ. ಗಣತಿ ತಡವಾಗುವುದು ಕೂಡ ಒಂದು ರೀತಿಯಲ್ಲಿ ಜನರನ್ನು ಲೆಕ್ಕದಿಂದ ಬಿಟ್ಟ ಹಾಗೆಯೇ. ಈಗ 2027ರ ಮಾರ್ಚ್ 1ರ ಮಧ್ಯರಾತ್ರಿಯನ್ನು ಗಣತಿಯ ಕ್ಷಣ ಅಂತ ನಿಗದಿ ಮಾಡಿದ್ದಾರೆ. ಹಿಮ ಬೀಳುವ ಪ್ರದೇಶಗಳಿಗೆ ಅದಕ್ಕೂ ಮುಂಚೆ, 2026ರ ಅಕ್ಟೋಬರ್ 1.

ನಾಲ್ಕನೆಯದು ಜನರ ಕಣ್ಣಿಗೆ ಅಷ್ಟಾಗಿ ಬೀಳದ್ದು. ಸಾವಿರಕ್ಕೆ ಇಷ್ಟು ಶಿಶು ಮರಣ, ಲಕ್ಷಕ್ಕೆ ಇಷ್ಟು ಕ್ಷಯ ರೋಗಿಗಳು, ಶೇಕಡ ಇಷ್ಟು ಮಕ್ಕಳಿಗೆ ಲಸಿಕೆ ಅಂತ ದಿನಾ ಓದುತ್ತೇವೆ. ಈ ಎಲ್ಲದರಲ್ಲೂ ಕೆಳಗೆ ಒಂದು ಒಟ್ಟು ಸಂಖ್ಯೆ ಇರುತ್ತದೆ, ಅದರಿಂದ ಭಾಗಿಸುತ್ತಾರೆ. ಅದು ಬರುವುದು ಗಣತಿಯಿಂದ. ಒಂದು ತಾಲ್ಲೂಕಿನಲ್ಲಿ 1,000 ಮಕ್ಕಳಿದ್ದಾರೆ ಅಂತ ಲೆಕ್ಕದಲ್ಲಿದೆ, ನಿಜವಾಗಿ ಇರುವುದು 1,250 ಅಂದುಕೊಳ್ಳಿ. ಆರೋಗ್ಯ ಸಿಬ್ಬಂದಿ 1,000 ಮಕ್ಕಳಿಗೆ ಲಸಿಕೆ ಹಾಕಿದರೆ ವರದಿಯಲ್ಲಿ ನೂರಕ್ಕೆ ನೂರು ಅಂತ ಬರುತ್ತದೆ. ಎಲ್ಲರಿಗೂ ಸಂತೋಷ. ಲಸಿಕೆ ಸಿಗದ ಆ 250 ಮಕ್ಕಳು ಎಲ್ಲಿದ್ದಾರೆ ಅಂತ ಯಾರೂ ಹುಡುಕುವುದಿಲ್ಲ. ಯಾಕೆಂದರೆ ಕಾಗದದ ಮೇಲೆ ಅವರು ಹುಟ್ಟಿಯೇ ಇಲ್ಲ. ಇದು ಬರೀ ಊಹೆಯಲ್ಲ. ಲಸಿಕೆಯ ಪ್ರಮಾಣ ಶೇ 100ಕ್ಕಿಂತ ಜಾಸ್ತಿ ತೋರಿಸುವ ವರದಿಗಳು ಹಲವು ದೇಶಗಳಿಂದ ಬರುತ್ತಲೇ ಇರುತ್ತವೆ. ಅಂಥ ವರದಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಆ ಭಾಗಿಸಿದ ಸಂಖ್ಯೆಯನ್ನು.

ಇಲ್ಲಿಗೆ ನಿಮ್ಮ ಸ್ಯಾಂಪಲ್ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಿತು. ಸ್ಯಾಂಪಲ್ ಸರ್ವೆ ಬಹಳ ಒಳ್ಳೆಯ ಸಾಧನ, ನಾನೂ ಅದನ್ನು ದಿನಾ ಬಳಸುತ್ತೇನೆ. ಆದರೆ ಯಾವ ಮನೆಗಳಿಂದ ಸ್ಯಾಂಪಲ್ ಎತ್ತಬೇಕು ಅನ್ನುವ ಪಟ್ಟಿ ಗಣತಿಯಿಂದ ಬರುತ್ತದೆ. ಎತ್ತಿದ ಒಂದೊಂದು ಮನೆಯೂ ಎಷ್ಟು ಮನೆಗಳ ಪರವಾಗಿ ನಿಂತಿದೆ ಅನ್ನುವ ತೂಕವೂ ಗಣತಿಯಿಂದಲೇ ಬರುತ್ತದೆ. ಹತ್ತು ವರ್ಷಕ್ಕೊಮ್ಮೆ ತಕ್ಕಡಿಯನ್ನು ಸರಿಮಾಡಿಕೊಳ್ಳದಿದ್ದರೆ ನಡುವಿನ ಸರ್ವೆಗಳೆಲ್ಲ ಅದೇ ತಪ್ಪು ತಕ್ಕಡಿಯಲ್ಲಿ ತೂಗುತ್ತವೆ. ಇನ್ನೊಂದು ತೊಂದರೆಯೂ ಇದೆ. ಸ್ಯಾಂಪಲ್ ಇಡೀ ರಾಜ್ಯದ ಬಗ್ಗೆ ಚೆನ್ನಾಗಿ ಹೇಳುತ್ತದೆ. ಒಂದು ಹಳ್ಳಿಯ ಬಗ್ಗೆ, ಒಂದು ವಾರ್ಡಿನ ಬಗ್ಗೆ, ಕೆಲವು ಸಾವಿರ ಜನ ಮಾತಾಡುವ ಒಂದು ಭಾಷೆಯ ಬಗ್ಗೆ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಶಾಲೆ ಕಟ್ಟುವುದು ಹಳ್ಳಿಯಲ್ಲಿ ಅಲ್ವಾ, ಸರಾಸರಿಯಲ್ಲಿ ಅಲ್ಲವಲ್ಲ.

ಕೆನಡಾ ಇದನ್ನು ಕಷ್ಟಪಟ್ಟು ಕಲಿಯಿತು. ಅಲ್ಲಿ ಎಲ್ಲರಿಗೂ ಒಂದು ಚಿಕ್ಕ ನಮೂನೆ, ಕೆಲವು ಮನೆಗಳಿಗೆ ಮಾತ್ರ ಉದ್ದದ ನಮೂನೆ. ಎರಡಕ್ಕೂ ಉತ್ತರಿಸುವುದು ಕಡ್ಡಾಯ. 2011ಕ್ಕೆ ಸರಕಾರ ಉದ್ದದ ನಮೂನೆಯನ್ನು ಐಚ್ಛಿಕ ಸರ್ವೆಯಾಗಿ ಬದಲಿಸಿತು. ಇದನ್ನು ಒಪ್ಪದೆ ದೇಶದ ಮುಖ್ಯ ಅಂಕಿ-ಅಂಶ ಅಧಿಕಾರಿ ಮುನೀರ್ ಶೇಖ್ 2010ರಲ್ಲಿ ರಾಜೀನಾಮೆ ಕೊಟ್ಟರು. ಉತ್ತರಿಸಿದವರ ಪ್ರಮಾಣ ಹಿಂದಿನ ಸಲ ಶೇ 90ರ ಮೇಲಿದ್ದದ್ದು ಶೇ 68ರ ಆಸುಪಾಸಿಗೆ ಬಿತ್ತು. ಸಾವಿರಕ್ಕೂ ಹೆಚ್ಚು ಚಿಕ್ಕ ಊರುಗಳ ಅಂಕಿಗಳನ್ನು ನಂಬಿಕೆಗೆ ಯೋಗ್ಯವಲ್ಲ ಅಂತ ಪ್ರಕಟಿಸಲೇ ಇಲ್ಲ. ದೊಡ್ಡ ನಗರಗಳಿಗೆ ಅಷ್ಟೇನೂ ನಷ್ಟವಾಗಲಿಲ್ಲ, ಚಿಕ್ಕ ಊರುಗಳು ನಕ್ಷೆಯಿಂದಲೇ ಅಳಿಸಿಹೋದಂತಾಯಿತು. 2016ಕ್ಕೆ ಮತ್ತೆ ಕಡ್ಡಾಯ ಮಾಡಿದರು. ಉತ್ತರ ಬಂದದ್ದು ಶೇ 97.8.

ಇಷ್ಟು ಹೊತ್ತು ಬಿಟ್ಟುಹೋದವರ ಬಗ್ಗೆಯೇ ಹೇಳಿದೆ. ಇಲ್ಲದವರನ್ನು ಸೇರಿಸುವುದೂ ಅಷ್ಟೇ ಕೆಟ್ಟದ್ದು. ನಾಗಾಲ್ಯಾಂಡಿನಲ್ಲಿ 1991ರಿಂದ 2001ರ ಹತ್ತು ವರ್ಷದಲ್ಲಿ ಜನಸಂಖ್ಯೆ ಶೇ 64ಕ್ಕಿಂತ ಜಾಸ್ತಿ ಬೆಳೆದಿದೆ ಅಂತ ಗಣತಿ ಹೇಳಿತು. ದೇಶದ ಬೆಳವಣಿಗೆ ಆಗ ಶೇ 21ರಷ್ಟು. ರಾಜ್ಯ ಸರಕಾರವೇ ಆ ಸಂಖ್ಯೆಯನ್ನು ಒಪ್ಪಲಿಲ್ಲ. ಕ್ಷೇತ್ರ ಮರುವಿಂಗಡಣೆ ಬರುತ್ತದೆ, ಅನುದಾನ ಬರುತ್ತದೆ ಅಂತ ಊರೂರು, ಪಂಗಡ ಪಂಗಡ ಪೈಪೋಟಿಗೆ ಬಿದ್ದು ಹೆಸರು ಸೇರಿಸಿದ್ದವು. 2011ರಲ್ಲಿ ಕಟ್ಟುನಿಟ್ಟಾಗಿ ಎಣಿಸಿದಾಗ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಬಂತು. ಅಲ್ಲಿ ಯುದ್ಧವಾಗಿರಲಿಲ್ಲ, ಬರ ಬಂದಿರಲಿಲ್ಲ. ಹಳೆಯ ಲೆಕ್ಕದ ಗಾಳಿ ಹೊರಗೆ ಹೋಗಿತ್ತು ಅಷ್ಟೇ. ನೈಜೀರಿಯಾದಲ್ಲಿ ಇದೇ ಪೈಪೋಟಿ ಇನ್ನೂ ದೊಡ್ಡ ಮಟ್ಟದಲ್ಲಿ ನಡೆಯಿತು. 1962ರ ಗಣತಿ ರದ್ದಾಯಿತು, 1963ರದ್ದು ವಿವಾದವಾಯಿತು, 1973ರದ್ದು ಮತ್ತೆ ರದ್ದು. ಕೊನೆಯ ಗಣತಿ ನಡೆದದ್ದು 2006ರಲ್ಲಿ.

ಲೆಕ್ಕಕ್ಕೆ ಹೆದರಿ ಎಣಿಸುವುದನ್ನೇ ಬಿಟ್ಟವರೂ ಇದ್ದಾರೆ. ಲೆಬನಾನಿನಲ್ಲಿ ಕೊನೆಯ ಅಧಿಕೃತ ಗಣತಿ ನಡೆದದ್ದು 1932ರಲ್ಲಿ. ಧರ್ಮಗಳ ನಡುವಿನ ಅಧಿಕಾರದ ಹಂಚಿಕೆ ಆ ಲೆಕ್ಕದ ಮೇಲೆ ನಿಂತದ್ದರಿಂದ ಮತ್ತೆ ಎಣಿಸುವ ಧೈರ್ಯ ಯಾರಿಗೂ ಬರಲಿಲ್ಲ. ಸೋವಿಯತ್ ಒಕ್ಕೂಟದಲ್ಲಿ 1937ರ ಜನವರಿಯಲ್ಲಿ ಗಣತಿ ಮಾಡಿದರು. ಸ್ಟಾಲಿನ್ ಸರಕಾರದ ನಿರೀಕ್ಷೆ ಸುಮಾರು 18 ಕೋಟಿ. ಸಿಕ್ಕಿದ್ದು 16.2 ಕೋಟಿ. ಆ ವ್ಯತ್ಯಾಸದ ಹಿಂದೆ 1932-33ರ ಕ್ಷಾಮದಲ್ಲಿ ಸತ್ತ ಲಕ್ಷಾಂತರ ಜನರಿದ್ದರು. ಸರಕಾರ ಗಣತಿಯನ್ನೇ ದೋಷಪೂರಿತ ಅಂತ ಘೋಷಿಸಿ ಮುಚ್ಚಿಹಾಕಿತು. ಗಣತಿ ನಡೆಸಿದ ಹಿರಿಯ ಅಧಿಕಾರಿಗಳನ್ನು ಬಂಧಿಸಿದರು, ಕೆಲವರನ್ನು ಗುಂಡಿಟ್ಟು ಕೊಂದರು. ಸರಿಯಾಗಿ ಎಣಿಸಿದ್ದೇ ಅವರ ತಪ್ಪು. ನನ್ನ ವೃತ್ತಿಯವರು ಈ ಘಟನೆಯನ್ನು ಮರೆಯಬಾರದು ಅಂತ ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ.

ಬಿಟ್ಟುಹೋದವರು ಇಷ್ಟೇ ಜನ ಅಂತ ಗೊತ್ತಾಗುವುದು ಹೇಗೆ, ಅವರೇ ಸಿಕ್ಕಿಲ್ಲವಲ್ಲ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಕೆರೆಯಲ್ಲಿ ಮೀನು ಎಷ್ಟಿವೆ ಅಂತ ಅಂದಾಜು ಮಾಡುವವರು ಒಂದು ಸಲ ಬಲೆ ಬೀಸಿ ಸಿಕ್ಕ ಮೀನಿಗೆ ಗುರುತು ಹಾಕಿ ಬಿಡುತ್ತಾರೆ. ಇನ್ನೊಂದು ಸಲ ಬೀಸಿ, ಸಿಕ್ಕದ್ದರಲ್ಲಿ ಗುರುತಿರುವವು ಎಷ್ಟು ಅಂತ ನೋಡುತ್ತಾರೆ. ಇಲ್ಲೂ ಅದೇ ಉಪಾಯ. ಒಂದು ಬ್ಲಾಕಿನಲ್ಲಿ ಗಣತಿಗೆ 900 ಜನ ಸಿಕ್ಕಿದ್ದಾರೆ. ಗಣತಿ ಮುಗಿದ ಮೇಲೆ ಬೇರೆ ತಂಡ, ಹಳೆಯ ಪಟ್ಟಿ ನೋಡದೆ, ಅದೇ ಬ್ಲಾಕಿಗೆ ಹೋಗುತ್ತದೆ. ಅವರಿಗೆ 800 ಜನ ಸಿಗುತ್ತಾರೆ. ಎರಡೂ ಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟು ಹೆಸರು ಹೆಸರು ತಾಳೆ ನೋಡಿದರೆ ಆ 800ರಲ್ಲಿ 760 ಜನ ಗಣತಿಯಲ್ಲೂ ಇದ್ದಾರೆ. ಅಂದರೆ ಗಣತಿ ಹಿಡಿದದ್ದು ನೂರಕ್ಕೆ 95. ಹಾಗಾದರೆ 900 ಅನ್ನುವುದು ನಿಜವಾದ ಸಂಖ್ಯೆಯ ಶೇ 95. ನಿಜವಾದ ಸಂಖ್ಯೆ ಸುಮಾರು 947, ಬಿಟ್ಟುಹೋದವರು 47. ಇದಕ್ಕೊಂದು ಷರತ್ತಿದೆ. ಎರಡನೆಯ ತಂಡ ಮೊದಲಿನವರ ನೆರಳಿನಲ್ಲಿ ನಡೆಯಬಾರದು. ಮೊದಲ ತಂಡಕ್ಕೆ ಸಿಗದ ಮೂಲೆ ಮನೆ ಎರಡನೆಯ ತಂಡಕ್ಕೂ ಸಿಗದೆ ಹೋದರೆ ಅವರು ಎರಡು ಪಟ್ಟಿಯಲ್ಲೂ ಇಲ್ಲ, ಅಂದಾಜಿನಲ್ಲೂ ಪೂರ್ತಿ ಬರುವುದಿಲ್ಲ. ಅದಕ್ಕೇ ಪರಿಶೀಲನೆಯನ್ನು ನಂಬಿಕೊಂಡು ಗಣತಿಯಲ್ಲಿ ಸಡಿಲ ಬಿಡುವಂತಿಲ್ಲ. ದಕ್ಷಿಣ ಆಫ್ರಿಕಾದ 2022ರ ಗಣತಿಯಲ್ಲಿ ಶೇ 31ರಷ್ಟು ಜನ ಬಿಟ್ಟುಹೋಗಿದ್ದಾರೆ ಅಂತ ಪರಿಶೀಲನೆ ತೋರಿಸಿತು. ಅಷ್ಟು ಜನರನ್ನು ಅಂದಾಜಿನಿಂದ ತುಂಬಿಸಬೇಕಾಯಿತು. ಒಟ್ಟು 6.2 ಕೋಟಿ ಅನ್ನುವ ಸಂಖ್ಯೆ ಸಿಕ್ಕಿತು ನಿಜ, ಆದರೆ ಒಂದೊಂದು ಚಿಕ್ಕ ಊರಿನ ಮಟ್ಟದಲ್ಲಿ ಅದನ್ನು ಎಷ್ಟರಮಟ್ಟಿಗೆ ನಂಬುವುದು ಅನ್ನುವ ಕಷ್ಟ ಉಳಿಯಿತು.

ತಲೆ ಎಣಿಸಿದರೆ ಸಾಲದು, ಉತ್ತರವೂ ಸರಿ ಇರಬೇಕು. ವಯಸ್ಸು ಕೇಳಿದರೆ ಜನ "ನಲವತ್ತು", "ಐವತ್ತು", "ಅರವತ್ತು" ಅನ್ನುತ್ತಾರೆ. ನಲವತ್ತೊಂದು, ಐವತ್ಮೂರು ಅನ್ನುವವರು ಕಡಿಮೆ. ಹಾಗಾಗಿ ಸೊನ್ನೆ, ಐದರಲ್ಲಿ ಮುಗಿಯುವ ವಯಸ್ಸುಗಳಲ್ಲಿ ಜನ ಗುಡ್ಡೆ ಬಿದ್ದಿರುತ್ತಾರೆ. ಇನ್ನು ಹತ್ತು ವರ್ಷದಲ್ಲಿ ಎಷ್ಟು ಜನಕ್ಕೆ ವೃದ್ಧಾಪ್ಯ ವೇತನ ಬೇಕು ಅಂತ ಲೆಕ್ಕ ಹಾಕುವವರಿಗೆ ಇದರಿಂದ ತಲೆನೋವು. ಹುಟ್ಟಿದ ದಿನಾಂಕ ಕೇಳಿ, ಕಾಗದ ಇದ್ದರೆ ನೋಡಿ ಹೇಳಿ ಅನ್ನುವುದು ಅದಕ್ಕೇ.

ಕೆಲವರು ಹೆದರಿ ಹೇಳುವುದಿಲ್ಲ. ಹೆದರಿಕೆಗೆ ಕಾರಣವೇ ಇಲ್ಲ ಅಂತ ನಾನು ಹೇಳಲಾರೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನದೇ ಜಪಾನ್ ಮೂಲದ ಪ್ರಜೆಗಳನ್ನು ಶಿಬಿರಗಳಿಗೆ ತಳ್ಳಿದಾಗ, ಅವರು ಯಾವ ಬೀದಿಗಳಲ್ಲಿ ಜಾಸ್ತಿ ಇದ್ದಾರೆ ಅನ್ನುವುದಕ್ಕೆ 1940ರ ಗಣತಿಯ ಕೋಷ್ಟಕಗಳನ್ನು ಬಳಸಿದರು. 2000ದಲ್ಲಿ ಗಣತಿ ಸಂಸ್ಥೆಯ ಮುಖ್ಯಸ್ಥರು ಅದಕ್ಕೆ ಕ್ಷಮೆ ಕೇಳಿದರು. ಅದಕ್ಕೇ ಗುಟ್ಟು ಕಾಪಾಡುವ ಕಾನೂನು ಗಣತಿಯ ಜೀವ ಅನ್ನುವುದು. ಭಾರತದ 1948ರ ಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಒಬ್ಬ ವ್ಯಕ್ತಿಯ ಗಣತಿ ದಾಖಲೆಯನ್ನು ಬೇರೆ ಯಾರೂ ತೆಗೆದು ನೋಡುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷಿಯಾಗಿಯೂ ಬಳಸುವಂತಿಲ್ಲ. ಅಮೆರಿಕದಲ್ಲಿ ಹೆಸರಿರುವ ದಾಖಲೆಗಳನ್ನು 72 ವರ್ಷ ಬೀಗ ಹಾಕಿ ಇಡುತ್ತಾರೆ. ಸರಕಾರಗಳು ಈ ಮಾತನ್ನು ಉಳಿಸಿಕೊಳ್ಳಬೇಕು. ಗಣತಿಯನ್ನು ಪೌರತ್ವದ ಪರೀಕ್ಷೆಯ ಹಾಗೆಯೋ, ತೆರಿಗೆ ತಪಾಸಣೆಯ ಹಾಗೆಯೋ ಕಾಣುವಂತೆ ಮಾಡಿದರೆ ಮೊದಲು ಬಾಗಿಲು ಮುಚ್ಚುವವರು, ಯಾರನ್ನು ಎಣಿಸುವುದು ಹೆಚ್ಚು ಮುಖ್ಯವೋ ಅವರೇ.

ಆಸ್ಟ್ರೇಲಿಯಾದ ಸಂವಿಧಾನದಲ್ಲಿ ಒಂದು ಸಾಲು ಇತ್ತು. ದೇಶದ ಜನಸಂಖ್ಯೆ ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಸೇರಿಸಬಾರದು ಅಂತ. 1967ರಲ್ಲಿ ಜನಮತ ನಡೆಸಿ, ಶೇ 90ಕ್ಕಿಂತ ಜಾಸ್ತಿ ಮತದಿಂದ ಅದನ್ನು ತೆಗೆದರು. ಅಲ್ಲಿ ಕಾನೂನೇ ಜನರನ್ನು ಬಿಟ್ಟಿತ್ತು. ಈಗ ಹೆಚ್ಚಿನ ಕಡೆ ಯಾವ ಕಾನೂನೂ ಬಿಡುವುದಿಲ್ಲ, ಬಾಗಿಲಲ್ಲಿ ನಿಂತು ಉತ್ತರ ಹೇಳುವಾಗ ನಾವೇ ಬಿಡುತ್ತೇವೆ.

ಈಗ ನಿಮ್ಮ ಮನೆಯ ಹೆಣ್ಣುಮಗಳ ವಿಚಾರ. ಒಬ್ಬ ಮನುಷ್ಯ ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತಾನೋ ಅಲ್ಲಿ ಎಣಿಸಬೇಕು ಅನ್ನುವುದು ಬಹುತೇಕ ದೇಶಗಳ ನಿಯಮ. ರೇಷನ್ ಕಾರ್ಡ್ ಎಲ್ಲಿದೆ, ಓಟು ಎಲ್ಲಿದೆ, ಹುಟ್ಟೂರು ಯಾವುದು ಅನ್ನುವುದು ಮುಖ್ಯವಲ್ಲ. ಅವಳು ನಿಮ್ಮ ಮನೆಯಲ್ಲೇ ಇರುತ್ತಾಳೆ, ಅಲ್ಲೇ ಊಟ ಮಾಡುತ್ತಾಳೆ, ಅಲ್ಲೇ ಮಲಗುತ್ತಾಳೆ. ಹಾಗಾಗಿ ನಿಮ್ಮ ಮನೆಯ ಪಟ್ಟಿಯಲ್ಲೇ ಅವಳ ಹೆಸರು ಬರಬೇಕು. ಗಣತಿದಾರರು ಬಂದಾಗ ಅವಳನ್ನೇ ಮುಂದೆ ಕೂರಿಸಿ. ವಯಸ್ಸು, ಓದು, ತಾಯ್ನುಡಿ, ಯಾವ ಊರಿಂದ ಬಂದಳು, ಯಾಕೆ ಬಂದಳು ಅನ್ನುವುದನ್ನು ಅವಳೇ ಹೇಳಲಿ. ನೀವು ಅಂದಾಜಿನಲ್ಲಿ ಹೇಳಬೇಡಿ. ಅವಳು ದುಡಿಯುವವಳು ಅಂತ ಬರೆಸಿ, ಬರೀ ಮನೆಗೆಲಸದಲ್ಲಿ ಸಹಾಯ ಮಾಡುತ್ತಾಳೆ ಅಂತ ಬರೆಸಬೇಡಿ. ಆಮೇಲೆ ಅವಳ ಕೈಯಿಂದಲೇ ಊರಿಗೆ ಒಂದು ಫೋನ್ ಮಾಡಿಸಿ. "ನನ್ನನ್ನು ಇಲ್ಲಿ ಬರೆದುಕೊಂಡಿದ್ದಾರೆ, ಅಲ್ಲಿ ಬರೆಸಬೇಡಿ" ಅಂತ ಅವಳ ಅಮ್ಮನಿಗೆ ಹೇಳಲಿ.